ಒಂದೇ ಕುರ್ಚಿಯ ಟೇಬಲ್

"ಟೇಬಲ್ ಹೇಗಿದೆ ಸಾರ್?"

"ಬಂಡೆ ಥರ ಇದೆ ಮೇಡಂ. ಒಂಚೂರೂ ಅಲುಗಾಡಲ್ಲ."

ಅವನು ಅಂಗಡಿಗೆ ಬಂದಾಗಲೆಲ್ಲ ಅವಳದು ಇದೇ ಪ್ರಶ್ನೆ, ಅವನದು ಇದೇ ಉತ್ತರ. ಉತ್ತರ ಹೇಳುವಾಗ ಮಾತ್ರ ಅವಳ ಮುಖ ಬಿಟ್ಟು ಪಕ್ಕದ ಬೀರುವನ್ನೋ ಮೇಲಿನ ದೀಪವನ್ನೋ ನೋಡುತ್ತಿದ್ದ. ದಿನವಿಡೀ ಊರವರ ಕಣ್ಣೊಳಗೆ ಇಣುಕುವುದೇ ಕಸುಬಾಗಿರುವ ಮನುಷ್ಯ ಹಾಗೆ ನೋಟ ತಪ್ಪಿಸುವುದನ್ನು ಅವಳು ನಾಚಿಕೆಯೆಂದೇ ತಿಳಿದಿದ್ದಳು. ತನ್ನೆದುರು ಇನ್ನೂ ಒಬ್ಬರು ನಾಚುತ್ತಾರೆ ಎನ್ನುವುದು ನಲವತ್ತು ದಾಟಿದವಳಿಗೆ ಬೇಡವಾದ ಸುದ್ದಿಯೇನಲ್ಲ.

ಬೀದಿಯಾಚೆ ಅವನ ಕನ್ನಡಕದ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಮನೆ, ಒಬ್ಬನೇ. ಈಚೆ ಇವಳ ಮನೆತನದ ಫರ್ನಿಚರ್ ಅಂಗಡಿ. ಅಜ್ಜನ ಕಾಲದಲ್ಲಿ ಅದು ನಾಟಕಶಾಲೆಯಾಗಿತ್ತು. ನಾಟಕಗಳು ನಿಂತ ಮೇಲೆ ಅಜ್ಜ ಕಟ್ಟಡವನ್ನು ಕೊಂಡು ಪ್ರೇಕ್ಷಕರ ಜಾಗದಲ್ಲಿ ಮಂಚ, ಮೇಜು ಜೋಡಿಸಿದ. ಹಳೆಯ ಟಿಕೆಟ್ ಕಿಂಡಿಯೇ ಈಗ ಕ್ಯಾಶ್ ಕೌಂಟರ್. ಅಲ್ಲಿ ಕೂರುವುದು ಅಪ್ಪನ ತಂಗಿ, ಅತ್ತೆ.

"ಕನ್ನಡಕದವರಿಗೆ ಇವತ್ತೇನು ಬೇಕಂತೆ?" ಅವನು ಹೋದ ಮೇಲೆ ಅತ್ತೆ ಕೇಳಿದಳು.

"ಡ್ರಾಯರ್‌ಗೆ ಹಿಡಿಕೆ."

"ಹೋದ ವಾರ ಕೊಕ್ಕೆ, ಅದರ ಹಿಂದಿನ ವಾರ ಕಪಾಟಿಗೆ ಚಿಲಕ. ಆ ಮನುಷ್ಯನ ಮನೇಲಿ ಗೋಡೆಗಿಂತ ಕೊಕ್ಕೇನೇ ಜಾಸ್ತಿ ಇರಬೇಕು."

"ಅತ್ತೆ, ಸುಮ್ನಿರು."

"ನಾನು ಸುಮ್ನೇ ಇದೀನಮ್ಮ. ಕೊಕ್ಕೆ ಹಾಕ್ತಾ ಇರೋದು ಅವರು."

ಅವಳಿಗೆ ನಗು ಬಂತು, ಜೊತೆಗೆ ಟೇಬಲಿನ ನೆನಪೂ ಬಂತು. ಆ ಟೇಬಲ್ ಅವಳೇ ಕೈಯಾರೆ ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಫ್ಯಾಕ್ಟರಿ ಮಾಲು ತರಿಸತೊಡಗಿದ್ದ. ಹಿತ್ತಲಿನ ವರ್ಕ್‌ಶಾಪನ್ನು ಮುಚ್ಚಿ ಗೋದಾಮು ಮಾಡುವುದು ಅವನ ಆಸೆ. ಟೇಬಲಿನ ಆರ್ಡರ್ ಕೊಡಲು ಕನ್ನಡಕದವನು ಬಂದಿದ್ದ ದಿನ, ಅವನಿಗೆ ಕೇಳಿಸುವಂತೆಯೇ ಅಣ್ಣ ಹೇಳಿದ್ದ: "ನೋಡು ಪುಟ್ಟಿ, ನಿನ್ನ ಕೈಕೆಲಸ ಒಂದಾದ್ರೂ ಕಂಪ್ಲೇಂಟ್ ಅಂತ ವಾಪಸ್ ಬರ್ಲಿ, ಅವತ್ತೇ ವರ್ಕ್‌ಶಾಪಿಗೆ ಬೀಗ."

ಅಂದು ಕನ್ನಡಕದವನು ನಾಲ್ಕು ಕಾಲಿನ ಚೌಕ ಟೇಬಲ್ ಬರೆಸಿದ. ಕುರ್ಚಿ ಎಷ್ಟು ಎಂದರೆ, "ಒಂದೇ ಸಾಕು" ಎಂದಿದ್ದ. ಯಾರನ್ನೂ ನಿರೀಕ್ಷಿಸದವರ ದನಿಯಲ್ಲಿ ಅಷ್ಟು ಸೌಜನ್ಯವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಹಿಡಿಕೆ ಕೂರಿಸಲು ಅವಳೇ ಹೋದಳು. ಅವನ ಮನೆಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಕಿಟಕಿಯ ಪಕ್ಕ ಅವಳ ಟೇಬಲ್ ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿತ್ತು; ಅಂಗಡಿಯಲ್ಲಿದ್ದಾಗಿನದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಹಿಡಿಕೆಯನ್ನು ಡ್ರಾಯರಿಗೆ ಹಿಡಿದಾಗ ಬೆರಳಿನಿಂದ ಸ್ಕ್ರೂ ಜಾರಿ ಟೇಬಲಿನಡಿಗೆ ಉರುಳಿತು.

"ಇರಿ, ನಾನು ತೆಗೀತೀನಿ," ಎಂದು ಅವನು ಗಾಬರಿಯಿಂದ ಮುಂದೆ ಬಂದ. ಒಂದು ಸ್ಕ್ರೂಗೆ ಇಷ್ಟು ಗಾಬರಿಯೇ?

ಅಷ್ಟರಲ್ಲಿ ಅವಳು ಮಂಡಿಯೂರಿಯಾಗಿತ್ತು. ಹತ್ತಿರದ ಸಣ್ಣ ವಸ್ತುಗಳು ಈಚೆಗೆ ಅವಳಿಗೆ ಮಸುಕು. ಯಾರಿಗೂ ಹೇಳಿರಲಿಲ್ಲ, ಕಣ್ಣಿಗೆ ಕಾಣದ್ದನ್ನು ಬೆರಳಿಂದ ನೋಡುವುದು ರೂಢಿಯಾಗಿತ್ತು. ನೆಲ ಸವರಿದಳು. ಸ್ಕ್ರೂ ಸಿಗಲಿಲ್ಲ. ಟೇಬಲಿನ ಒಂದು ಕಾಲಿನಡಿ ಮೆತ್ತನೆಯದೇನೋ ಸಿಕ್ಕಿತು.

ಎಳೆದಳು. ಕನ್ನಡಕದ ಡಬ್ಬಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿದ ಚರ್ಮದ ಚೂರು. ಅದಕ್ಕೆ ಮರದ ಬಣ್ಣವನ್ನೇ ಬಳಿಯಲಾಗಿತ್ತು. ಟೇಬಲ್ ಟಕ್ಕೆಂದು ಒಂದು ಮೂಲೆಗೆ ಕುಸಿಯಿತು. ಮೇಲಿದ್ದ ಲೋಟದ ನೀರು ತುಳುಕಿತು.

ಇಬ್ಬರೂ ಆ ನೀರನ್ನೇ ನೋಡಿದರು.

"ಬಂಡೆ ಥರ ಇದೆ ಅಂದ್ರಿ."

"ಸ್ವಲ್ಪ ಕುಂಟುತ್ತೆ ಅಷ್ಟೇ."

"ಯಾವತ್ತಿಂದ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. "ಬಂದ ದಿನದಿಂದ. ನಿಮ್ಮ ಅಣ್ಣ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ನನ್ನಿಂದ ನಿಮ್ಮ ವರ್ಕ್‌ಶಾಪಿಗೆ ಬೀಗ ಬೀಳೋದು ನನಗೆ ಬೇಕಾಗಿರ್ಲಿಲ್ಲ."

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಷ್ಟು ದಿನ ನಾಚಿಕೆಯೆಂದುಕೊಂಡದ್ದು ಕನಿಕರವೇ? ಅವಳು ಮೆಲುಕು ಹಾಕುತ್ತಿದ್ದ ಆ ಓರೆನೋಟಗಳೆಲ್ಲ ಬರೀ ಒಂದು ಚರ್ಮದ ಚೂರನ್ನು ಮುಚ್ಚಿಡುವುದಕ್ಕೇ?

"ನನ್ನ ಕೆಲಸಕ್ಕೆ ಯಾರ ದಯೆಯೂ ಬೇಡ ಸಾರ್," ಎಂದಳು. "ಟೇಬಲ್ ವಾಪಸ್ ತಗೊಂಡು ಹೋಗ್ತೀನಿ. ಇವತ್ತೇ."

"ಅಣ್ಣನಿಗೆ ಏನಂತೀರಿ?"

"ಕುಂಟುತ್ತೆ ಅಂತೀನಿ. ಮತ್ತಿನ್ನೇನು?"

ವ್ಯಾನಿನಿಂದ ಟೇಬಲ್ ಇಳಿಯುವುದನ್ನು ಅಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ. ಅಂಗಡಿಯ ಹಾಲಿನ ಎಡಗಡೆ, ಮೊದಲು ಇದ್ದ ಜಾಗದಲ್ಲೇ ಅದನ್ನು ಇಳಿಸಿದರು. ಅಣ್ಣ ನಾಲ್ಕು ಮೂಲೆಯನ್ನೂ ಅದುಮಿದ. ಟೇಬಲ್ ಮಿಸುಕಲಿಲ್ಲ.

"ಎಲ್ಲಿ ಕುಂಟುತ್ತೆ? ಗಟ್ಟಿಯಾಗಿದೆಯಲ್ಲ. ಆ ಕನ್ನಡಕದವರು ತಮ್ಮ ಕಣ್ಣನ್ನೇ ಒಮ್ಮೆ ಟೆಸ್ಟ್ ಮಾಡಿಸ್ಕೊಳ್ಳಲಿ. ಹೋಗ್ಲಿ ಬಿಡು, ನೀನು ಬಚಾವಾದೆ."

ಬಚಾವಾಗಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು. ಅವಳು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಟೇಬಲಿನ ಸುತ್ತ ನಿಧಾನವಾಗಿ ನಡೆದಳು. ಹುಟ್ಟಿದಾಗಿನಿಂದ ಓಡಾಡಿದ ನೆಲ. ಹಿಂದೆ ಕೂತವರಿಗೂ ನಾಟಕ ಕಾಣಲೆಂದು ಅದನ್ನು ಬಟ್ಟಲಿನಂತೆ ಬಾಗಿಸಿ ಕಟ್ಟಿದ್ದರು. ಗಿರಾಕಿಗಳು ಒಳಗೆ ಬಂದೊಡನೆ ತಡವರಿಸುತ್ತಾರೆ. ಮನೆಯವರ ಕಾಲಿಗೆ ಮಾತ್ರ ಅದು ಸಮತಟ್ಟು. ಇಲ್ಲಿನ ಪ್ರತಿ ಮಂಚದ ಕೆಳಗೂ ಮಟ್ಟ ಸರಿಮಾಡಲು ಮರದ ಆಪು ಕೊಟ್ಟವಳು ಅವಳೇ. ಆದರೂ ಇದೇ ನೆಲದ ಮೇಲೆ ನಿಲ್ಲಿಸಿ, ಇದರ ಬಾಗಿಗೆ ತಕ್ಕಂತೆ ಆ ಟೇಬಲಿನ ಕಾಲು ಸವೆಸಿದ್ದಳು. ಅಪ್ಪ ಯಾವ ಮೇಜನ್ನಾದರೂ ಹಾಲಿನ ತುದಿಯ ಹಳೆಯ ರಂಗದ ಸಮತಟ್ಟು ಹಲಗೆಗಳ ಮೇಲೆ ಹೊತ್ತುಕೊಂಡು ಹೋಗಿಯೇ ಮುಗಿಸುತ್ತಿದ್ದ. 'ಈ ಕಟ್ಟಡದಲ್ಲಿ ಸುಳ್ಳು ಹೇಳದ ನೆಲ ಅಂದ್ರೆ ಇದೊಂದೇ' ಎನ್ನುತ್ತಿದ್ದ. ಈಗ ರಂಗದ ತುಂಬ ಅಣ್ಣನ ಸೋಫಾಗಳು.

"ಆ ಸೋಫಾ ಸರಿಸಬೇಕು," ಎಂದಳು.

"ಯಾಕೆ?"

"ಹಿಡ್ಕೋ ಅಣ್ಣ, ಹೇಳ್ತೀನಿ."

ಗೊಣಗುತ್ತಲೇ ಅವನು ಹಿಡಿದ. ತೆರವಾದ ಹಲಗೆಗಳ ಮೇಲೆ ಅವಳು ರಸಮಟ್ಟ ಇಟ್ಟಳು. ಅದರೊಳಗಿನ ಗುಳ್ಳೆ ನಡುವೆ ಬಂದು ನಿಂತಿತು. ಅಲ್ಲಿ ಟೇಬಲ್ ಇಟ್ಟರೆ ಟಕ್, ಟಕ್.

"ತಪ್ಪು ನನ್ನದು," ಎಂದಳು. "ಹಾಲಲ್ಲಿ ನಿಲ್ಲಿಸಿ ಕಾಲು ಸರಿಮಾಡಿದೆ. ಇಲ್ಲಿ ಜಾಗ ಇಲ್ಲ ಅಂತ ನಿನ್ನ ಹತ್ರ ಜಗಳ ಆಡ್ಬೇಕಿತ್ತು, ಆಡ್ಲಿಲ್ಲ. ಈಗ ಆಡ್ತೀನಿ. ನನಗೆ ರಂಗ ವಾಪಸ್ ಬೇಕು."

"ಮತ್ತೆ ನಾನು ಅಂದ ಮಾತು?"

"ಬೀಗ ಹಾಕೋ ಹಾಗಿದ್ರೆ ಹಾಕು. ನಾಳೆ ಬೆಳಿಗ್ಗೆ ನಾನು ಬಾಗಿಲ ಹೊರಗೆ ಬೀದೀಲಿ ಕೂತು ಕಾಲು ಸವೆಸ್ತೀನಿ. ನಮ್ಮ ಬೀದಿ ಮಟ್ಟಸವಾಗೇ ಇದೆ."

ಅಣ್ಣ ಅವಳನ್ನು ನೋಡಿದ. ಟೇಬಲನ್ನು ಇನ್ನೊಮ್ಮೆ ಅದುಮಿದ. ಟಕ್. ಹುಡುಗನಾಗಿದ್ದಾಗ ಇದೇ ಹಲಗೆಗಳ ಮೇಲೆ ಅಪ್ಪನ ಟೇಬಲ್‌ಗಳನ್ನು ಹೀಗೇ ಅದುಮಿ ಪರೀಕ್ಷಿಸುತ್ತಿದ್ದದ್ದು ಅವನೇ.

"ಸೋಫಾ ಎಲ್ಲಿ ಇಡ್ಲಿ ಮತ್ತೆ?" ಎಂದ ಕೊನೆಗೆ, ದನಿ ತಗ್ಗಿಸಿ.

"ನಿನ್ನ ತಲೆ ಮೇಲೆ!" ಕಿಂಡಿಯೊಳಗಿಂದ ಅತ್ತೆ ಕೂಗಿದಳು.

ಮರುದಿನ ಬೆಳಿಗ್ಗೆ ಕನ್ನಡಕದವನು ರಂಗದ ಕೆಳಗೆ ಬಂದು ನಿಂತಾಗ ಅವಳು ಟೇಬಲನ್ನು ಮಗುಚಿ ಹಾಕಿಕೊಂಡು ಕಾಲಿನ ತುದಿಯ ಪೆನ್ಸಿಲ್ ಗೆರೆಯನ್ನು ಹುಡುಕುತ್ತಿದ್ದಳು.

"ಬಯ್ಯೋದಿದ್ರೆ ಇನ್ನೂ ಬಯ್ಯಿರಿ," ಎಂದ. "ಅಕ್ಷರ ಕಾಣದಿದ್ರೂ ಕಾಣುತ್ತೆ ಅಂತ ಬೋರ್ಡ್ ಓದೋರು ನನ್ನ ಹತ್ರ ದಿನಾ ಬರ್ತಾರೆ. ಅವರಿಗೆಲ್ಲ ಬುದ್ಧಿ ಹೇಳೋನು ನಾನು. ನೀವು ಕೇಳಿದಾಗ ನಾನೂ ಅದನ್ನೇ ಮಾಡಿದೆ."

"ಕನಿಕರಕ್ಕೆ ಮಾಡಿದ್ರಿ."

"ಕನಿಕರಕ್ಕೆ ಯಾರಾದ್ರೂ ವಾರಕ್ಕೊಂದು ಕೊಕ್ಕೆ ಕೊಳ್ತಾರಾ ಮೇಡಂ? ನಮ್ಮನೆ ಗೋಡೇಲಿ ಮೊಳೆ ಹೊಡೆಯೋಕೆ ಜಾಗ ಉಳಿದಿಲ್ಲ."

ಕಿಂಡಿಯೊಳಗೆ ಯಾರೋ ಕಿಸಕ್ಕೆಂದರು. ಅವಳು ತಲೆ ಎತ್ತಿದಳು. ಈ ಸಲ ಅವನು ನೋಟ ತಪ್ಪಿಸಲಿಲ್ಲ. ಬೀರು, ದೀಪ ಎಲ್ಲ ಬಿಟ್ಟು ನೇರ ಅವಳ ಕಣ್ಣನ್ನೇ ನೋಡುತ್ತಿದ್ದ; ಅದು ಕಸುಬಿನವನ ನೋಟವಾಗಿರಲಿಲ್ಲ. ಅವಳ ಕಿವಿಗಳು ಬಿಸಿಯಾದವು.

"ಇನ್ನೊಂದು," ಎಂದು ಜೇಬಿನಿಂದ ಒಂದು ಕನ್ನಡಕ ತೆಗೆದ. "ನೀವು ಗೆರೇನ ಬೆರಳಲ್ಲಿ ಹುಡುಕೋದನ್ನ ಎಷ್ಟೋ ಸಲ ನೋಡಿದೀನಿ. ಕೇಳಿದ್ರೆ ಬೇಡ ಅಂತೀರಿ. ಅಂದಾಜಿನ ನಂಬರ್, ಹಾಕಿ ನೋಡಿ."

ಅವಳು ಹಾಕಿಕೊಂಡಳು. ಗೆರೆ ಕೂದಲೆಳೆಯಷ್ಟು ಸ್ಪಷ್ಟ. ಉಳಿಯ ಬಾಯಿ ಸ್ಪಷ್ಟ. ಹತ್ತಿರ ಬಗ್ಗಿದ್ದ ಅವನ ಮುಖವೂ ಸ್ಪಷ್ಟ. ಕಣ್ಣಂಚಿನ ನೆರಿಗೆಗಳಲ್ಲಿ ನಗುವಿಗಿಂತ ಭಯವೇ ಹೆಚ್ಚಿತ್ತು.

"ಕಾಣ್ತಿದೆಯಾ?"

"ಹ್ಞೂಂ. ಎಲ್ಲ ಕಾಣ್ತಿದೆ," ಎಂದು ಅವಳು ಉಳಿ ಎತ್ತಿಕೊಂಡಳು. "ಸಂಜೆ ಟೇಬಲ್ ತರ್ತೀನಿ. ಮನೇಲಿರಿ."

ಸಂಜೆ ಟೇಬಲ್ ಕಿಟಕಿಯ ಪಕ್ಕ ಮತ್ತೆ ನಿಂತಿತು. ಅವಳು ತುಂಬಿದ ಲೋಟವಿಟ್ಟು ಮೂಲೆಯನ್ನು ಅದುಮಿದಳು. ನೀರಿನ ಮೇಲೆ ಒಂದು ಗೆರೆಯೂ ಏಳಲಿಲ್ಲ. ಆಮೇಲೆ ಕೆಳಗೆ ಹೋಗಿ ವ್ಯಾನಿನಿಂದ ಒಂದು ಕುರ್ಚಿ ಹೊತ್ತು ತಂದು ಅವನ ಕುರ್ಚಿಯ ಎದುರಿಗಿಟ್ಟಳು.

"ನಾನು ಒಂದೇ ಕುರ್ಚಿ ಆರ್ಡರ್ ಮಾಡಿದ್ದು," ಎಂದ ಅವನು.

"ಇದು ನಿಮ್ಮದಲ್ಲ." ಅವಳು ಏದುಸಿರು ಬಿಡುತ್ತಲೇ ಕೂತು, ಎರಡೂ ಅಂಗೈಗಳನ್ನು ಟೇಬಲಿನ ಮೇಲೆ ಚಾಚಿಟ್ಟಳು. "ಇದು ನನ್ನದು. ನಾನೇ ಮಾಡ್ಕೊಂಡಿದ್ದು. ಇದು ಇಲ್ಲೇ ಇರುತ್ತೆ. ನಿಮ್ಮದೇನಾದ್ರೂ ಕಂಪ್ಲೇಂಟ್ ಇದೆಯಾ?"

ಅವನು ತನ್ನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ. ಇಬ್ಬರ ಭಾರವೂ ಬಿದ್ದರೂ ಟೇಬಲ್ ಅಲುಗಲಿಲ್ಲ.