ಬಾವುಟದ ಅರಬ್ಬಿ ಸಾಲು

ಹರ್ಮತಾನ್ ಧೂಳುಗಾಳಿ ಶುರುವಾದ ವಾರ, ಬೆಳಗಿನ ನಮಾಜು ಮುಗಿದ ಹೊತ್ತು. ಕಡೂನಾ ಹತ್ತಿರದ ದಂಡಿನಲ್ಲಿ ನಾನು ಬಟ್ಟೆ ಒಗೆಯುವವನು. ಬಾವುಟದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಾವಲಿನ ಮುದುಕ ಗಾರ್ಬಾ ಸತ್ತುಬಿದ್ದಿದ್ದ. ಕುತ್ತಿಗೆಯಲ್ಲಿ ತೂತು.

ಸೇನೆಯ ಬಾವುಟದ ಲಾಂಛನದಲ್ಲಿ ಹದ್ದು ಇತ್ತು, ನಕ್ಷತ್ರ ಇತ್ತು. ಕೆಳಗಿನ ಅರಬ್ಬಿ ಸಾಲು, 'ಗೆಲುವು ದೇವರದು', ಸುತ್ತಲಿನ ಕಸೂತಿ ಬಳ್ಳಿಯ ಸಮೇತ ಇರಲಿಲ್ಲ. ಯಾರೋ ಕತ್ತರಿಸಿದ್ದರು.

ಹತ್ತು ಗಂಟೆಗೆ ಕಾರ್ಪೊರಲ್ ಬಿಟ್ರಸ್‌ನನ್ನು ಹಿಡಿದರು. ಅವನು ಕ್ರೈಸ್ತ. ಆ ಸಾಲು ತೆಗೆಯಿರಿ ಎಂದು ಅರ್ಜಿ ಹಾಕಿದ್ದವನು ಅವನೇ. ಸಾಬೀತಾದರೆ ಗುಂಡಿಗೆ ಎದೆ ಕೊಡಬೇಕು.

"ನೀನೇನೋ ಕೊಂದಿದ್ದು?" ಎಂದರು ಇನ್ಸ್‌ಪೆಕ್ಟರ್ ತಲಾತು. ಹಜ್ ಮಾಡಿಬಂದ ಹೆಂಗಸು, ಅದಕ್ಕೇ ಹಾಜಿಯಾ ಎನ್ನುತ್ತಿದ್ದರು.

"ಅರ್ಜಿ ಕೊಟ್ಟೋನು ಕತ್ತರಿ ಯಾಕೆ ಹಿಡೀಲಿ ಅಮ್ಮಾ? ಸೋತ ಸುಲ್ತಾನರ ಮಾತನ್ನ ಗೆದ್ದ ಬಿಳಿಯರು ಬಾವುಟಕ್ಕೆ ಹೊಲಿಸ್ಕೊಂಡ್ರು. ಅವರು ಹೋದ್ರು, ನಾವ್ಯಾಕೆ ಹೊರಬೇಕು ಅಂದೆ. ಅಷ್ಟೇ."

"ಕೇಳಿದ್ರಾ ಹಾಜಿಯಾ, ಇವನ ನಾಲಿಗೇನ?" ಎಂದ ದಂಡಿನ ದರ್ಜಿ ಸನೂಸಿ. ಅರಬ್ಬಿ ಓದು ಬಲ್ಲವನು, ಮಾಲಂ, ಅಂದರೆ ಗುರು, ಎನ್ನುತ್ತಿದ್ದೆವು.

ಬಿಟ್ರಸ್‌ನ ಅಂಗಿಯಲ್ಲಿ ಕೆಂಪು ಕಲೆ. ನಾನು ಮೂಸಿದೆ.

"ರಕ್ತ ಅಲ್ಲ ತಾಯಿ. ಅಡುಗೆಯ ಕೆಂಪು ತಾಳೆಎಣ್ಣೆ. ಇವನು ತಿನ್ನೋದೇ ಹಂಗೆ, ಮೈಮೇಲೆ ಚೆಲ್ಕೊಂಡು."

*

ಬಿಟ್ರಸ್‌ನ ಕೋಣೆ ಶೋಧಿಸಿದರು. ಬಾವುಟದ ತುಂಡು ಸಿಕ್ಕೇಬಿಟ್ಟಿತು: ಕೆಳಗೆ ಬೂಟುಗಳು, ಇದು ಮೇಲಿನ ಹಲಗೆಯಲ್ಲಿ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ. ಸಿಪಾಯಿಗಳು ಕೂಗೆಬ್ಬಿಸಿದರು. ತಲಾತು ಮಾತ್ರ ತುಂಡನ್ನೇ ನೋಡುತ್ತಿದ್ದರು.

"ಬಿಟ್ರಸ್, ಇದರಲ್ಲಿ ಅಕ್ಷರ ಯಾವುದು, ಬಳ್ಳಿ ಯಾವುದು?"

"ನಂಗೆಲ್ಲಾ ಬಳ್ಳೀನೇ."

"ಮಾಲಂ, ನಿಮ್ಮ ಕತ್ತರಿ ಕೊಡಿ."

ಸನೂಸಿ ಕದಲಲಿಲ್ಲ. ಸಿಪಾಯಿ ಕಿತ್ತುಕೊಂಡ. ಕತ್ತರಿಯ ಕೀಲಿನ ಸಂದಿಯಲ್ಲಿ ಕಪ್ಪಾಗಿ ಒಣಗಿದ ರಕ್ತ.

"ಹಗೆಯಿಂದ ಕತ್ತರಿಸಿದೋನು ಮೋರಿಗೆ ಎಸೀತಿದ್ದ," ಎಂದರು ತಲಾತು. "ಇದನ್ನ ಮಡಿ ಬಟ್ಟೇಲಿ ಸುತ್ತಿ, ಬೂಟುಗಳಿಗಿಂತ ಎತ್ತರದಲ್ಲಿ ಇಟ್ಟಿದ್ದಾರೆ. ಸುತ್ತಲಿನ ಬಳ್ಳಿ ಹೆಂಗೆಂಗೋ ಕತ್ತರಿಸಿದ್ದಾರೆ. ಅಕ್ಷರದ ಒಂದು ಬಾಲಕ್ಕೂ ಕತ್ತರಿ ತಾಗಿಲ್ಲ. ಓದಕ್ಕೆ ಬರೋ ಕೈ ಇದು."

ಸನೂಸಿ ಬಿಟ್ರಸ್ ಕಡೆ ಬೆರಳು ತೋರಿಸಿದ. "ಅರ್ಜಿ ಗೆದ್ದಿದ್ರೆ ಬಾವುಟದಿಂದ ದೇವರ ಹೆಸರೇ ಹೋಗ್ತಿತ್ತು. ಕತ್ತರಿಸಿದ್ದನ್ನ ಇವನ ಮೇಲೆ ಹಾಕಿದ್ರೆ ಅರ್ಜಿ ಬೀಳುತ್ತೆ ಅಂದ್ಕೊಂಡೆ. ಇವನು ಸ್ನಾನಕ್ಕೆ ಹೋದಾಗ ತಂದಿಟ್ಟೆ. ಗಾರ್ಬಾ ಎದ್ದುಬಿಡ್ತಾನೆ ಅಂತ ಎಣಿಸಿರಲಿಲ್ಲ."

"ದೇವರ ಹೆಸರಿಗೆ ತಾಗಿಸದ ಕತ್ತರೀನ ಮುದುಕನ ಕುತ್ತಿಗೆಗೆ ತಾಗಿಸಿದ್ರಲ್ಲ ಮಾಲಂ."



*

ಗುರುವಾರ ಸನೂಸಿಯನ್ನು ಲಾರಿಯಲ್ಲಿ ಒಯ್ದರು. ಬಿಟ್ರಸ್ ಉಳಿದ. ಆದರೆ ದೇವರ ಸಾಲು ತೆಗೆಸಲು ಹೊರಟವನೆಂದು ಅವನ ಜೊತೆ ಯಾರೂ ಉಣ್ಣಲು ಕೂರಲಿಲ್ಲ. ಮೂರು ತಿಂಗಳಾದ ಮೇಲೆ ಸೇನೆಯಿಂದ ಬಿಡುಗಡೆ ಕೇಳಿ ಪಡೆದು, ಒಂದು ಸೋಮವಾರ ಜೋಸ್ ಪಟ್ಟಣದ ಬಸ್ಸು ಹತ್ತಿದ.