ಹಲ್ಲಿನ ಡಾಕ್ಟರನ್ನು ಕಚ್ಚಿದ ಪ್ರಕಾಶಕಿ

ಅವಳು ಹೋಗಿದ್ದೇ ಜಗಳಕ್ಕೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡು, ಮೆಟ್ಟಿಲು ಹತ್ತುವ ಹೊತ್ತಿಗೆ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದಳು. ಆದರೆ ಕ್ಲಿನಿಕ್ಕಿನ ನರ್ಸ್ ಅವಳ ಊದಿದ ಕೆನ್ನೆ ನೋಡಿದ್ದೇ ತಡ, "ಅಯ್ಯೋ ಪಾಪ, ಬನ್ನಿ ಬನ್ನಿ" ಎಂದು ತೋಳು ಹಿಡಿದು ಕರೆದೊಯ್ದು ಉದ್ದನೆಯ ಕುರ್ಚಿಯಲ್ಲಿ ಒರಗಿಸಿಬಿಟ್ಟಳು.

"ಬಾಯಿ ತೆಗೀರಿ," ಎಂದ ಡಾಕ್ಟರ್.

ಅವಳು ತೆಗೆದಿದ್ದು ಬೈಯುವುದಕ್ಕೆ. ಅಷ್ಟರಲ್ಲಿ ಅವನು ಹತ್ತಿ ತುರುಕಿ, ಪುಟ್ಟ ಕನ್ನಡಿಯನ್ನೂ ತೂರಿಸಿಯಾಗಿತ್ತು. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ನಗುವಿತ್ತು. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ನಿದ್ದೇಲಿ ಹಲ್ಲು ಕಡೀತೀರಾ? ಪೂರ್ತಿ ಸವೆದಿದೆ. ಏನೋ ದೊಡ್ಡ ಚಿಂತೆ ಹಚ್ಕೊಂಡಿದೀರಿ. ಮಲಗೋ ಮುಂಚೆ ಒಳ್ಳೆ ಪುಸ್ತಕ ಓದಿ. ಒಂದು ಕಾದಂಬರಿ ಕಳಿಸ್ಲಾ? ದೋಣಿ ನಡೆಸೋ ಹೆಂಗಸಿನ ಕಥೆ. ಪೂರ್ತಿ ಫ್ರೀ! ಒಂದೊಂದೇ ಪುಟ ನಾನೇ ಕೂತು ಸ್ಕ್ಯಾನ್ ಮಾಡಿದ್ದು. ನಮ್ಮ ಗ್ರೂಪಿಂದ ಎಲ್ಲೆಲ್ಲಿಗೋ ಹೋಗಿದೆ, ಗೊತ್ತಾ?"

ಅವಳು ಕಚ್ಚಿದಳು.

ಅವನ ಕೂಗಿಗೆ ನರ್ಸ್ ಓಡಿಬಂದಳು. ಕುರ್ಚಿಯಲ್ಲಿದ್ದವಳು ಹತ್ತಿ ಉಗಿದು ಎದ್ದು ಕೂತಳು. ಅಷ್ಟು ಚೆಂದದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಆ ಪುಸ್ತಕ ನಮ್ದು," ಎಂದಳು.

"ನೀವು ಬರೆದಿದ್ದಾ?" ಬೆರಳು ಹಿಡಿದುಕೊಂಡೇ ಅವನು ಕಣ್ಣರಳಿಸಿದ.

"ಅಲ್ಲ. ಅಚ್ಚು ಹಾಕಿಸಿದ್ದು. ಈಗ ಅಂಗಡಿಯವರು ಕಟ್ಟುಗಟ್ಟಲೆ ವಾಪಸ್ ಕಳಿಸ್ತಿದಾರೆ. ಯಾಕೆ ಅಂದ್ರೆ, ಎಲ್ಲರ ಮೊಬೈಲಲ್ಲೂ ಇದೆಯಲ್ಲ ಮೇಡಂ ಅಂತಾರೆ. ನಮ್ಮ ಕೆಳಗಡೆ ಟೈಲರ್ ಕೂಡ ನಿಮ್ಮ ಗ್ರೂಪಲ್ಲೇ ಇದಾನೆ. ಓದಿ ಕಣ್ಣೀರೇ ಬಂತು ಅಂತ ನನ್ನ ಹತ್ರನೇ ಹೇಳ್ತಾನೆ!"

ಅವನು ಮಾಸ್ಕ್ ಕೆಳಗಿಳಿಸಿದ. ಮುಖ ಬಿಳಿಚಿಕೊಂಡಿತ್ತು. "ಆ ಪುಸ್ತಕ ಅಂದ್ರೆ ನಂಗೆ ಪ್ರಾಣ. ಎಲ್ರೂ ಓದ್ಲಿ ಅಂತ..."

"ಓದಿದ್ರಲ್ಲ! ಆದ್ರೆ ಇನ್ನೊಂದು ಪುಸ್ತಕ ತರೋಕೆ ನಾವಿರಲ್ಲ."

ಬಾಗಿಲು ದಡಾರನೆ ಎಳೆದುಕೊಂಡು ಬಂದಳು. ಹಲ್ಲುನೋವು ಮಾತ್ರ ಹಾಗೇ ಉಳಿದಿದೆ ಎಂಬುದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು.

ಪ್ರಕಾಶನವೆಂದರೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಒಳಗಿನದರಲ್ಲಿ ಅವಳ ಸೋದರತ್ತೆ ಕೆಂಪು ಪೆನ್ಸಿಲ್ ಹಿಡಿದು ಪ್ರೂಫ್ ತಿದ್ದುತ್ತಿದ್ದಳು. ಹೊರಗಿನದರಲ್ಲಿ ಉಳಿದ ಕೆಲಸವೆಲ್ಲ ಅವಳದೇ. ದೋಣಿ ಕಾದಂಬರಿ ಬರೆದ ನಿವೃತ್ತ ಟೀಚರಮ್ಮ ಎರಡನೆಯದನ್ನೂ ಬರೆದುಕೊಟ್ಟಿದ್ದರು. ಅದು ಅಚ್ಚಿಗೆ ಹೋಗಲಾರದೆ ಮೇಜಿನ ಮೇಲೆ ಮಲಗಿತ್ತು. ಅವಳ ಅಣ್ಣ ಫೋನ್ ಮಾಡಿದಾಗಲೆಲ್ಲ, "ಆ ರೂಮು ಖಾಲಿ ಮಾಡಿ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋ" ಎನ್ನುತ್ತಿದ್ದ. ಈಚೆಗೆ ಅವಳೂ ಎದುರಾಡುವುದನ್ನು ಬಿಟ್ಟಿದ್ದಳು.

ಮರುದಿನ ಬಾಗಿಲು ತಟ್ಟಿದ ಸದ್ದಿಗೆ ಅತ್ತೆ ಎದ್ದು ಹೋದಳು.

"ಯಾರಪ್ಪಾ ನೀನು?"

"ನಿನ್ನೆ ಕಚ್ಚಿಸ್ಕೊಂಡೋನು," ಎಂದ ಡಾಕ್ಟರ್, ಬೆರಳಿನ ಬ್ಯಾಂಡೇಜ್ ತೋರಿಸುತ್ತ. ಇನ್ನೊಂದು ಕೈಯಲ್ಲಿ ಹಲ್ಲುನೋವಿನ ಮಾತ್ರೆಯಿತ್ತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಮಾತ್ರ ನಗಲಿಲ್ಲ. ನಗು ಬಂದಿದ್ದು ಕಾಣದಿರಲೆಂದು ಗೋಡೆಯ ಕಡೆ ತಿರುಗಿದಳು.

ಕಿಟಕಿಯನ್ನು ಅರ್ಧ ಮುಚ್ಚಿ ನಿಂತಿದ್ದ ಕಟ್ಟುಗಳನ್ನು ನೋಡಿ ಅವನು ಬಾಗಿಲಲ್ಲೇ ನಿಂತುಬಿಟ್ಟ. "ಲಿಫ್ಟಿರೋ ದೊಡ್ಡ ಕಂಪನಿ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

"ಇಲ್ಲಿ ಮೆಟ್ಟಿಲೂ ಅಲ್ಲಾಡುತ್ತೆ ಕಣಪ್ಪ," ಎಂದಳು ಅತ್ತೆ.

"ಗ್ರೂಪಿಂದ ತೆಗ್ದೆ. ಆದ್ರೆ ಹೋಗಿದ್ದು ಹೋಯ್ತು, ವಾಪಸ್ ತರೋಕಾಗಲ್ಲ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ನಾನೇನು ಮಾಡ್ಲಿ, ಹೇಳಿ."

ತಕ್ಕ ಉತ್ತರ ಹುಡುಕಿಕೊಂಡು ಅವಳು ತಿರುಗಿದಳು. ಅವನು ಅವಳನ್ನು ಮರೆತೇಬಿಟ್ಟಿದ್ದ. ಸಡಿಲಾದ ಕಟ್ಟಿನಿಂದ ಒಂದು ಪ್ರತಿ ಎಳೆದು, ತೆರೆದ ಪುಟದಲ್ಲಿ ಮುಳುಗಿದ್ದ. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಒಂದು ಸಾಲಿಗೆ ಹುಬ್ಬು ಮೇಲೇರಿತು, ಇನ್ನೊಂದಕ್ಕೆ ಕಣ್ಣು ತೇವವಾಯಿತು.

ಕಾಗದ, ಅಚ್ಚು, ಕಟ್ಟು, ಲಾರಿ, ಎಲ್ಲವನ್ನೂ ಅವಳು ಕಂಡಿದ್ದಳು. ತಾನು ತಂದ ಪುಸ್ತಕವನ್ನು ಒಬ್ಬರು ಓದುವುದನ್ನು ಇಷ್ಟು ಹತ್ತಿರದಿಂದ ಕಂಡಿದ್ದು ಇದೇ ಮೊದಲು. ಸಿಟ್ಟು ಎಲ್ಲೋ ಜಾರಿಹೋಯಿತು. ಮೇಜಿನ ಮೇಲಿದ್ದ ಹೊಸ ಕಾದಂಬರಿಯ ಮೊದಲ ಅಧ್ಯಾಯವನ್ನು ಅವನ ಮುಂದಿಟ್ಟಳು.

ಅವನು ನಿಂತೇ ಶುರುಮಾಡಿ, ಯಾವಾಗಲೋ ನೆಲಕ್ಕೆ ಕೂತ. ಕ್ಲಿನಿಕ್ಕಿನಿಂದ ಫೋನ್ ಬಡಿದುಕೊಂಡಿತು. ಕಾಫಿ ಆರಿತು.

"ಮುಂದೆ?" ಎಂದ, ಮಗುವಿನಂತೆ ತಲೆಯೆತ್ತಿ.

"ಅಚ್ಚಾದ್ರೆ ಓದ್ಬಹುದು."

ಅಂದು ರಾತ್ರಿ ಅವನು ಗ್ರೂಪಿನಲ್ಲಿ ತನ್ನ ದನಿಯಲ್ಲೇ ಎಲ್ಲ ಹೇಳಿಕೊಂಡ: ತಾನು ಹಂಚಿದ ಪುಸ್ತಕ ತನ್ನ ಸ್ವತ್ತಲ್ಲ, ಅದರಿಂದ ಹೊಡೆತ ತಿಂದವರು ಎರಡು ಕೋಣೆಯ ಇಬ್ಬರು ಹೆಂಗಸರು ಎಂದು. ಕೆಲವರು "ಈಗ ನೀತಿಪಾಠ ಶುರುವಾಯ್ತಾ" ಎಂದು ಗ್ರೂಪ್ ಬಿಟ್ಟರು. ಕೆಲವರು ಸುಮ್ಮನಿದ್ದರು. ಒಬ್ಬ ಮುದುಕ ಮಾತ್ರ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, "ಮೊಬೈಲಲ್ಲಿ ಓದಿ ಓದಿ ಕಣ್ಣು ಕಿತ್ತು ಬಂತಮ್ಮ, ಪುಸ್ತಕನೇ ಕೊಡು" ಎಂದ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ಟೈಲರ್ ತಲೆ ತಗ್ಗಿಸಿಕೊಂಡು ಬಂದು, ಹೆಂಡತಿಗೆಂದು ಒಂದು, ನಾದಿನಿಗೆಂದು ಒಂದು ಒಯ್ದ.

ಆಮೇಲೆ ಭಾನುವಾರಗಳಂದು ಕ್ಲಿನಿಕ್ಕಿನ ಹಜಾರದಲ್ಲಿ ಓದು ಶುರುವಾಯಿತು. ಅವಳು ಹೊಸ ಕಾದಂಬರಿ ಓದುವಳು, ಎಲ್ಲರ ಉಸಿರು ಸಿಕ್ಕಿಕೊಂಡ ಜಾಗದಲ್ಲೇ ನಿಲ್ಲಿಸುವಳು. ಜನ ಗೊಣಗುತ್ತಲೇ ತಮಗೊಂದು ಪ್ರತಿ ಇರಲೆಂದು ಮುಂಗಡ ಕೊಟ್ಟು ಹೆಸರು ಬರೆಸುವರು.

"ಒಂದು ಸಾಲು ಎರಡು ಸಲ ಓದಿದ್ರಿ ಇವತ್ತು," ಎಂದ ಅವನು ಒಮ್ಮೆ, ಕುರ್ಚಿ ಎತ್ತಿಡುತ್ತ.

"ಚೆನ್ನಾಗಿತ್ತು, ಅದಕ್ಕೆ."

"ನನ್ನನ್ನ ನೋಡ್ಕೊಂಡು ಓದಿದ್ರಿ."

"ಮೊದಲ ಸಾಲಲ್ಲೇ ಬಂದು ಕೂತ್ರೆ ಇನ್ನೆಲ್ಲಿ ನೋಡ್ಲಿ?" ಎಂದಳು. ಕಿವಿ ಬಿಸಿಯಾಯಿತು. ಅವನು ಎತ್ತಿದ ಕುರ್ಚಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

ಹಲ್ಲಿಗೂ ಚಿಕಿತ್ಸೆಯಾಯಿತು. "ಕಚ್ಚಲ್ಲ ಅಂತ ಮಾತು ಕೊಡಿ," ಎಂದಿದ್ದ.

"ನೀವು ಮಾತಾಡದೇ ಇದ್ರೆ."

ಅವನು ಒಂದು ಮಾತೂ ಆಡಲಿಲ್ಲ. ಮಾಸ್ಕಿನ ಮೇಲಿನ ಆ ಎರಡು ಕಣ್ಣು ಮಾತಾಡಿದ್ದು ಮಾತ್ರ ಅವಳಿಗೆ ಸಾಕಷ್ಟಾಯಿತು.

ಹೆಸರು ಬರೆಸಿದವರ ಬಲದಿಂದಲೇ ಹೊಸ ಪುಸ್ತಕ ಬಂತು. ಟೀಚರಮ್ಮ ಮೊದಲ ಪ್ರತಿಯನ್ನು ಮೂಸಿ ನೋಡಿ ನಕ್ಕರು. ಅಣ್ಣ ಫೋನ್ ಮಾಡಿ, "ನಂಗೂ ಒಂದು ಕಳಿಸೇ, ಆಫೀಸಲ್ಲಿ ಕೇಳ್ತಿದಾರೆ" ಎಂದ.

ವಾರ ಕಳೆಯುವುದರೊಳಗೆ ಅದರದೂ ಪಿಡಿಎಫ್ ಬಂತು. ಯಾರೋ, ಎಲ್ಲಿಂದಲೋ.

ಡಾಕ್ಟರ್ ಬಿಳಿ ಕೋಟಿನಲ್ಲೇ ಓಡಿಬಂದ. "ನಾನಲ್ಲ! ನಿಮ್ಮಾಣೆ ನಾನಲ್ಲ!"

"ಗೊತ್ತು ಕಣ್ರೀ," ಎಂದು ನಕ್ಕು, ಪಕ್ಕದ ಕುರ್ಚಿ ಎಳೆದಳು. "ಕೂತ್ಕೊಳ್ಳಿ. ಹಾಕಿರೋ ಸೈಟುಗಳಿಗೆಲ್ಲ ದೂರು ಬರೀಬೇಕು."

ಇಬ್ಬರೂ ಒಂದೇ ಕಂಪ್ಯೂಟರ್ ಪರದೆಗೆ ತಲೆ ಕೊಟ್ಟು ಕೂತರು. ಒಂದು ಕಡೆ ತೆಗೆಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮೊದಲಾಗಿದ್ದರೆ ಅತ್ತುಬಿಡುತ್ತಿದ್ದಳು. ಇಂದು ಅವನ ಮೊಣಕೈ ತನ್ನ ಮೊಣಕೈಗೆ ತಾಗಿಕೊಂಡಿದೆ ಎಂಬುದೇ ಹೆಚ್ಚು ಗಮನಕ್ಕೆ ಬರುತ್ತಿತ್ತು.

"ಇದು ಮುಗಿಯೋ ಕೆಲಸ ಅಲ್ಲ," ಎಂದ ಅವನು. "ಜೀವನ ಪೂರ್ತಿ ಮಾಡ್ತಾನೇ ಇರ್ಬೇಕು."

"ಬರ್ತೀರಾ?"

"ಎಲ್ಲಿಗೆ?"

"ಜೀವನ ಪೂರ್ತಿ," ಎಂದಳು ಅವಳು. ಹೇಳಿದ ಮೇಲೆ ಪರದೆಯಿಂದ ಕಣ್ಣು ಕೀಳಲು ಧೈರ್ಯವಾಗಲಿಲ್ಲ.

ಒಳಗಿನ ಕೋಣೆಯಲ್ಲಿ ಕೆಂಪು ಪೆನ್ಸಿಲಿನ ಸದ್ದು ನಿಂತಿತು.

"ಬೇಗ ಹೂಂ ಅನ್ನಪ್ಪ," ಎಂದು ಅತ್ತೆ ಕೂಗಿದಳು. "ಇದೇ ಸಾಲನ್ನ ಆಗಿಂದ ತಿದ್ತಾ ಕೂತಿದೀನಿ!"

"ಹೂಂ," ಎಂದ ಅವನು. ಸಾಲದೆಂಬಂತೆ ಮತ್ತೆ, "ಹೂಂ, ಹೂಂ."

ಅವಳು ಅವನ ಕೈ ಹಿಡಿದುಕೊಂಡಳು. ಉಳಿದ ದೂರನ್ನೆಲ್ಲ ಒಂದೇ ಕೈಯಲ್ಲಿ ಟೈಪ್ ಮಾಡಿದಳು.