ಗಾಜಿನ ಕೋಣೆಯತ್ತ ನೋಡುವ ಗೋಲ್‌ಕೀಪರ್

ಗೋಲ್‌ಕೀಪರ್ ಮತ್ತೆ ಮೇಲೆ ನೋಡಿದ.

ಚೆಂಡು ಆಚೆ ತುದಿಯಲ್ಲಿತ್ತು. ಅವನಿಗೆ ಸದ್ಯಕ್ಕೆ ಯಾವ ಕೆಲಸವೂ ಇರಲಿಲ್ಲ. ಗ್ಲೌಸ್ ಸರಿಮಾಡಿಕೊಳ್ಳಬಹುದಿತ್ತು, ನೀರು ಕುಡಿಯಬಹುದಿತ್ತು. ಅದು ಬಿಟ್ಟು, ಖಾಲಿ ಗ್ಯಾಲರಿಯ ತುದಿಯಲ್ಲಿದ್ದ ಗಾಜಿನ ಕೋಣೆಯತ್ತ ಕತ್ತೆತ್ತಿದ. ಮೊದಮೊದಲು ಹೀಗೆ ನೋಡಿದಾಗ ಆ ಕೋಣೆಯಲ್ಲಿ ಕೂತಿದ್ದ ಅವಳಿಗೆ ನಾಚಿಕೆಯಾಗಿತ್ತು. ಈಗ ಅನುಮಾನವಾಗುತ್ತಿತ್ತು.

ಅದು ಸೋಂಕಿನ ವರ್ಷ. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗನ್ನು ಅರ್ಧಕ್ಕೆ ಮೊಟಕುಗೊಳಿಸಿ, ಎಲ್ಲ ತಂಡಗಳನ್ನೂ ಒಂದೇ ಹೋಟೆಲಿನಲ್ಲಿ ಕೂಡಿಹಾಕಿ, ಒಂದೇ ಮೈದಾನದಲ್ಲಿ ಆಡಿಸುತ್ತಿದ್ದರು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಆಟ ಬಿಕೋ ಅನ್ನಿಸಬಾರದೆಂದು ಜನರ ಗದ್ದಲವನ್ನು ಬೇರೆಯಾಗಿ ಸೇರಿಸುತ್ತಿದ್ದರು. ಅದು ಅವಳ ಕೆಲಸ. ಹಾಗಾಗಿ ಆಟಗಾರರೆಲ್ಲ ಅವಳನ್ನು ಗದ್ದಲ ಮೇಡಂ ಎಂದೇ ಕರೆಯುತ್ತಿದ್ದರು.

ಕೇಳುವುದಕ್ಕೆ ಸುಲಭ. ಆದರೆ ಗೋಲಿಗೆ ಹೊಡೆದ ಮೇಲೆ ಸದ್ದು ಏರಿಸಿದರೆ ಜನ ನಿದ್ದೆಯಿಂದ ಎದ್ದ ಹಾಗೆ ಕೇಳಿಸುತ್ತದೆ. ಹೊಡೆಯುವ ಮೊದಲೇ, ಯಾವನೋ ಒಬ್ಬ ಕಾವಲಿಲ್ಲದ ಜಾಗಕ್ಕೆ ನುಗ್ಗುತ್ತಿರುವಾಗಲೇ, ಸದ್ದಿನ ಗುಂಡಿಯನ್ನು ಮೇಲಕ್ಕೆ ಜರುಗಿಸಬೇಕು. ಅವಳು ಅದರಲ್ಲಿ ಪಳಗಿದ್ದಳು. ಆ ಸದ್ದೆಲ್ಲ ಟಿವಿಗೆ ಮಾತ್ರ. ಕೆಳಗೆ ಮೈದಾನದಲ್ಲಿ ಬೂಟಿನ ಸದ್ದು, ಕೋಚ್‌ನ ಬೈಗುಳ ಅಷ್ಟೇ.

ಕೋಣೆಯಲ್ಲಿ ಅವಳ ಹಿಂದೆಯೇ ಚಿಕ್ಕಪ್ಪ ಕೂರುತ್ತಿದ್ದರು. ಸ್ಕೋರ್‌ಬೋರ್ಡ್ ನಡೆಸುವವರು. ಅವಳಿಗೆ ಈ ಕೆಲಸ ಕೊಡಿಸಿದ್ದೂ ಅವರೇ. ಮಾತು ಕಡಿಮೆ, ಟೀ ಜಾಸ್ತಿ. ಆಗಾಗ ಫ್ಲಾಸ್ಕಿನ ಮುಚ್ಚಳ ಎತ್ತುವರು, ಏಳುವರು, ಕೂರುವರು, ಮೂಗು ಕೆರೆದುಕೊಳ್ಳುವರು. ಇದನ್ನೆಲ್ಲ ಅವಳು ಹಿಂದೆ ಗಮನಿಸಿರಲೇ ಇಲ್ಲ.

ಗಮನಿಸುವಂತೆ ಮಾಡಿದ್ದು ಭದ್ರತಾ ಅಧಿಕಾರಿ. ಎಲ್ಲರನ್ನೂ ದೂರದೂರ ಕೂರಿಸಿ ಹೇಳಿದ್ದ: "ಬೆಟ್ಟಿಂಗ್‌ನವರು ಒಳಗೆ ಬಂದಿದಾರೆ ಅಂತ ಸುದ್ದಿ. ಆಟಗಾರರಿಗೆ ಯಾರಾದ್ರೂ ಸನ್ನೆ ಮಾಡಿದ್ರೆ ಮುಚ್ಚಿಡಬೇಡಿ."

ಅವಳಿಗೆ ಗೋಲ್‌ಕೀಪರ್ ನೆನಪಾದ. ಅವನು ನೋಡುವುದು ತನ್ನನ್ನಲ್ಲ, ತನ್ನ ಹಿಂದಿರುವವರನ್ನು!

ಕೆಟ್ಟದ್ದೇನೆಂದರೆ, ಅಷ್ಟರಲ್ಲಿ ಅವನು ಅವಳ ಮನಸ್ಸಿಗೆ ಹಿಡಿಸಿಬಿಟ್ಟಿದ್ದ. ತಂಡದವರು ಅವನನ್ನು ಗೋಡೆ ಎನ್ನುತ್ತಿದ್ದರು. ಆ ಎತ್ತರ, ಆ ಭುಜ. ಮಾಸ್ಕಿನ ಮೇಲೆ ನಗುವ ಎರಡು ಕಣ್ಣು. ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಪರದೆಯ ಆಚೆ ಕೂತು ಕೆಣಕುತ್ತಿದ್ದ.

"ನಿನ್ನೆ ನಾನು ಅಷ್ಟು ಚೆನ್ನಾಗಿ ಹಾರಿ ಹಿಡಿದೆ. ಎಷ್ಟು ಜನ ಕೂಗಿದ್ರು ಮೇಡಂ?"

"ನಲವತ್ತು ಸಾವಿರ."

"ಅಷ್ಟೇನಾ? ಜಿಪುಣಿ ನೀವು."

ಹೀಗೆ ಹರಟುವವನು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಕಲ್ಲಾಗುತ್ತಿದ್ದ. ಒಂದು ದಿನ ಮೆಟ್ಟಿಲಿಳಿಯುವಾಗ ಅವನ ಪಕ್ಕಕ್ಕೆ ಹೋಗಿ, ಧೈರ್ಯ ಮಾಡಿ ಕೇಳಿದ್ದಳು: "ಮ್ಯಾಚ್ ಮಧ್ಯೆ ಮೇಲೆ ಯಾರನ್ನ ನೋಡ್ತೀರ?" ಅವನು ಕಣ್ಣು ಕೂಡ ಮಿಟುಕಿಸದೆ ಇಳಿದು ಹೋದ. ಕಳ್ಳನಲ್ಲದಿದ್ದರೆ ಉತ್ತರ ಕೊಡುವುದಕ್ಕೇನು? ಕ್ಯಾಂಟೀನಿನಲ್ಲಿ ಯಾವಾಗಲೂ ಎಡಕ್ಕೆ ಗೋಡೆ ಬರುವ ಮೂಲೆಯ ಕುರ್ಚಿಯನ್ನೇ ಹಿಡಿಯುವುದೇಕೆ? ಅವಳು ಅವನನ್ನು ಕದ್ದು ನೋಡುತ್ತಿದ್ದಳು. ಪ್ರೀತಿಯಿಂದಲೋ ಪತ್ತೇದಾರಿಕೆಯಿಂದಲೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಅಧಿಕಾರಿಗೆ ಹೇಳಿದರೆ ಅವನ ಆಟ ಮುಗಿಯಿತು, ಚಿಕ್ಕಪ್ಪನ ಮರ್ಯಾದೆಯೂ ಹೋಯಿತು. ಹೇಳದಿದ್ದರೆ ಅವಳಿಗೆ ನಿದ್ದೆಯಿಲ್ಲ. ಸನ್ನೆ ಕಾಣದಂತೆ ಮಾಡಿದರೆ ಅವನೇನು ಮಾಡುತ್ತಾನೆಂದು ಮೊದಲು ತಾನೇ ಪರೀಕ್ಷೆ ಮಾಡಬೇಕೆಂದುಕೊಂಡಳು.

ಮುಂದಿನ ಪಂದ್ಯದಲ್ಲಿ ಅವನ ತಂಡ ಒಂದು ಗೋಲಿನಿಂದ ಮುಂದಿತ್ತು. ಪಟ್ಟಿಯ ಕೊನೆಯಲ್ಲಿ ಒದ್ದಾಡುತ್ತಿದ್ದ ತಂಡ. ಕೊನೆಯಲ್ಲೇ ಉಳಿದರೆ ಕೆಳಗಿನ ಲೀಗಿಗೆ ದಬ್ಬುತ್ತಾರೆ. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ ಅವಳು ಎದ್ದು ಕಿಟಕಿಯ ಪರದೆಯನ್ನು ಸರ್ರನೆ ಇಳಿಸಿದಳು.

"ಯಾಕೆ?" ಎಂದರು ಚಿಕ್ಕಪ್ಪ.

"ಬಿಸಿಲು."

ಹೊರಗೆ ಮೋಡ ಕವಿದಿತ್ತು. ಅವಳು ಟಿವಿ ಪರದೆಯಲ್ಲಿ ಅವನನ್ನೇ ನೋಡುತ್ತ ಕೂತಳು. ಗೋಡೆ ತಲೆಯೆತ್ತಿ ಕೋಣೆಯತ್ತ ನೋಡಿದ. ಮತ್ತೆ ನೋಡಿದ. ಏನೋ ಕಳೆದುಕೊಂಡವನಂತೆ ಮೂರನೇ ಸಲ ನೋಡಿದ. ಅಷ್ಟರಲ್ಲಿ ಅವನ ಎಡಗಡೆಯಿಂದ ಎದುರಾಳಿಯೊಬ್ಬ ನುಗ್ಗಿದ. ಡಿಫೆಂಡರ್ ಗಂಟಲು ಹರಿಯುವಂತೆ ಕೂಗಿದ. ಗೋಡೆ ಅತ್ತ ತಿರುಗಲೇ ಇಲ್ಲ. ಚೆಂಡು ಬಲೆಯೊಳಗೆ ಬಿತ್ತು, ಪಂದ್ಯ ಸಮವಾಯಿತು. ಅವಳ ನಲವತ್ತು ಸಾವಿರ ಜನ ಆಮೇಲೆ ಎಚ್ಚೆತ್ತು ಕೂಗಿದರು.

ಸಿಕ್ಕಿಬಿದ್ದ!

ಆಟ ಮುಗಿದದ್ದೇ ತಡ ಕುರ್ಚಿ ತಿರುಗಿಸಿದಳು. "ಚಿಕ್ಕಪ್ಪ, ನಿಜ ಹೇಳಿ. ನೀವು ಅವರಿಗೆ ಏನು ಸನ್ನೆ ಮಾಡ್ತಿದ್ರಿ?"

"ನಾನಾ?"

"ಎದ್ದು ಕೂರೋದು, ಮುಚ್ಚಳ ಎತ್ತೋದು."

"ಸೊಂಟ ನೋವು ಕಣಮ್ಮ." ಚಿಕ್ಕಪ್ಪನ ಮುಖ ಸಣ್ಣದಾಯಿತು. ಫ್ಲಾಸ್ಕನ್ನು ಪಕ್ಕಕ್ಕಿಟ್ಟರು. "ನನ್ನ ಮೇಲೆ ಅನುಮಾನ ಪಡೋ ಅಷ್ಟು ದೊಡ್ಡವಳಾದೆ. ಅವನು ನೋಡೋದು ನಿನ್ನನ್ನ. ಗೋಲ್ ಹತ್ರ ಯಾರಾದ್ರೂ ನುಗ್ಗಿದ್ರೆ ಸಾಕು, ಅರ್ಧ ಕುರ್ಚಿ ಬಿಟ್ಟು ಎದ್ದಿರ್ತೀಯ. ಯಾವ ಕಡೆಯಿಂದ ಬರ್ತಾನೋ ಆ ಕಡೆ ವಾಲಿರ್ತೀಯ. ನಿನಗೆ ಗೊತ್ತಿಲ್ವಾ?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಎರಡು ತಂಡಗಳಲ್ಲಿ ಸೋಂಕು ಕಾಣಿಸಿಕೊಂಡಿತು. ಲೀಗನ್ನು ಅಲ್ಲಿಗೇ ನಿಲ್ಲಿಸಿದರು. ಉಳಿದ ಪಂದ್ಯ ಇಲ್ಲ, ಪಟ್ಟಿ ಇದ್ದ ಹಾಗೇ ಅಂತಿಮ. ಗೋಡೆಯ ತಂಡ ಒಂದೇ ಒಂದು ಅಂಕದಿಂದ ಕೊನೆಯಲ್ಲಿ ಉಳಿಯಿತು.

ಬಸ್ಸು ಹೋಟೆಲಿನ ಬಾಗಿಲಲ್ಲಿ ನಿಂತಿತ್ತು. ಅವನು ಚೀಲದ ಮೇಲೆ ಬಾಗಿ ಅದರ ದಾರ ಬಿಗಿಯುತ್ತಿದ್ದ. ಅವಳು ಹೋಗಿ ಎದುರಿಗೆ ನಿಂತಳು.

"ನೀವು ನನ್ನನ್ನ ಯಾಕೆ ನೋಡ್ತಿದ್ರಿ?"

ಅವನು ನೆಟ್ಟಗಾದ. "ನನ್ನ ಎಡಗಿವಿ ಕೇಳಲ್ಲ. ಚಿಕ್ಕಂದಿನಿಂದಾನೂ. ಯಾರಿಗೂ ಹೇಳಿರಲಿಲ್ಲ, ಹೇಳಿದ್ರೆ ಟೀಮಿಗೆ ತಗೊಳ್ತಿದ್ರಾ? ಜನ ಇದ್ದಾಗ ತೊಂದ್ರೆ ಇರ್ಲಿಲ್ಲ. ಗದ್ದಲದಲ್ಲಿ ಯಾರಿಗೂ ಏನೂ ಕೇಳಲ್ಲ. ಗ್ಯಾಲರಿಯಲ್ಲಿ ಯಾವ ಕಡೆಯವರು ಎದ್ದು ನಿಂತ್ರು ಅಂತ ನೋಡ್ಕೊಂಡು ಆಡ್ತಿದ್ದೆ. ಈ ವರ್ಷ ಎದ್ದು ನಿಲ್ಲೋಕೆ ಇದ್ದಿದ್ದು ನೀವೊಬ್ರೇ." ಆಮೇಲೆ ಕೇಳಿದ, "ನಿನ್ನೆ ಪರದೆ ಯಾಕೆ ಇಳಿಸಿದ್ರಿ?"

ಅವಳು ಮುಚ್ಚಿಡಲಿಲ್ಲ. "ನಿಮ್ಮ ಮೇಲೆ ಅನುಮಾನ. ಬೆಟ್ಟಿಂಗ್‌ನವರ ಜೊತೆ ಸೇರಿದೀರ ಅಂತ."

ಅವನು ಬಸ್ಸಿನೊಳಗೆ ತಲೆ ತಗ್ಗಿಸಿ ಕೂತಿದ್ದ ತನ್ನವರತ್ತ ನೋಡಿದ. ಅವಳಿಗೆ ಅಳು ಬಂತು.

"ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದ.

"ಕೇಳಿದ್ದೆ. ಮೆಟ್ಟಿಲ ಹತ್ರ. ನೀವು ತಿರುಗಿಯೂ ನೋಡಲಿಲ್ಲ."

"ಯಾವ ಕಡೆ ನಿಂತು ಕೇಳಿದ್ರಿ?"

ಅವಳು ಯೋಚಿಸಿದಳು. "ಎಡಗಡೆ."

ಅವನಿಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದವಳಿಗೂ ನಗು ಬಂತು, ಅದಕ್ಕೆ ನಾಚಿಕೆಯೂ ಆಯಿತು.

"ಬೆಳಗ್ಗೆ ಕೋಚ್‌ಗೆ ಎಲ್ಲಾ ಹೇಳ್ಬಿಟ್ಟೆ," ಎಂದ. "ಇಲ್ಲದಿದ್ರೆ ತಪ್ಪು ಆ ಡಿಫೆಂಡರ್ ತಲೆ ಮೇಲೆ ಹೋಗ್ತಿತ್ತು. ಪಾಪ, ಅವನು ಕೂಗ್ತಾನೇ ಇದ್ದ. ಮುಂದಿನ ವರ್ಷ ನನ್ನನ್ನ ಇಟ್ಕೊಳ್ತಾರೋ ಇಲ್ವೋ ಗೊತ್ತಿಲ್ಲ."

ಇಷ್ಟಾದರೂ ಅವಳ ಹಾಳು ಬುದ್ಧಿ ಸುಮ್ಮನಿರಲಿಲ್ಲ. "ಅಂದ್ರೆ ಕ್ಯಾಂಟೀನಲ್ಲಿ ಅಷ್ಟು ಹರಟಿದ್ದು, ನಾನು ಸರಿಯಾಗಿ ಏಳ್ಲಿ ಅಂತಾನಾ?"

"ಮೊದಲ ದಿನ ಹೌದು. ಕೋಣೆಯಲ್ಲಿರೋದು ಯಾರು ಅಂತ ನೋಡೋಕೇ ಬಂದೆ." ಅವನ ಕಿವಿಯ ತುದಿ ಕೆಂಪಾಗಿತ್ತು. "ಆಮೇಲೆ ಚೆಂಡು ಆಚೆ ತುದಿಯಲ್ಲಿದ್ದಾಗ್ಲೂ ನೋಡ್ತಿದ್ನಲ್ಲ, ಅದು ಯಾವ ಕೆಲಸಕ್ಕೆ ಅಂತ ನೀವೇ ಹೇಳಿ."

ಅವನು ಮತ್ತೆ ಚೀಲದ ಮೇಲೆ ಬಾಗಿದ. ಅವಳು ಮೆಲ್ಲನೆ ಅವನ ಎಡಗಡೆಗೆ ಸರಿದಳು. ಕಿವಿಯ ಕಥೆ ನಿಜವೋ ಸುಳ್ಳೋ ನೋಡಿಯೇಬಿಡೋಣ ಅನ್ನಿಸಿತ್ತು. ನಿಜವಾಗಿದ್ದರೆ ತಿರುಗುವುದಿಲ್ಲ, ಸುಳ್ಳಾಗಿದ್ದರೆ ಯಾವ ಗಂಡಸೂ ತಿರುಗದೆ ಇರಲಾರದಂಥ ಮಾತು ಬೇಕು. ಅಂಥದ್ದೊಂದು ಅವಳ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

"ನಿಮ್ಮನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ," ಎಂದಳು.

ಅವನು ಶ್ರದ್ಧೆಯಿಂದ ಗಂಟು ಹಾಕುತ್ತಲೇ ಇದ್ದ.

ಹಿಂದೆ ಯಾರೋ ಕೆಮ್ಮಿದರು. ಚಿಕ್ಕಪ್ಪ, ಕೈಯಲ್ಲಿ ಸೂಟ್‌ಕೇಸ್. "ಅವನಿಗೆ ಕೇಳಲಿಲ್ಲ ಕಣಮ್ಮ, ನನಗೆ ಕೇಳಿಸ್ತು. ಆ ಕಡೆ ಹೋಗಿ ಹೇಳು."

ಅವಳ ಮುಖ ನಾಚಿಕೆಯಿಂದ ಕೆಂಪಾಯಿತು. ಓಡಿಹೋಗಬಹುದಿತ್ತು. ಆದರೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಈಗ ಹೇಳದಿದ್ದರೆ ಇನ್ನು ಯಾವ ಊರಲ್ಲಿ, ಯಾವ ಕಾಲಕ್ಕೆ? ಅವಳು ಸುತ್ತಿ ಬಂದು ಅವನ ಬಲಗಡೆ ನಿಂತು, ಮಾಸ್ಕ್ ಕೆಳಗಿಳಿಸಿ, ಅದೇ ಮಾತನ್ನು ಹೇಳಿದಳು. ಅಳತೆ ತಪ್ಪಿ ಜೋರಾಗಿಯೇ ಹೇಳಿಬಿಟ್ಟಳು. ಬಸ್ಸಿನೊಳಗೆ ತಗ್ಗಿದ್ದ ತಲೆಗಳೆಲ್ಲ ಎದ್ದವು.

ಅವನ ಕೈಯಿಂದ ದಾರ ಜಾರಿತು. "ಅನುಮಾನ ಹೋಯ್ತಾ ಹಾಗಾದ್ರೆ?"

"ಇಲ್ಲ," ಎಂದಳು. "ಹತ್ತಿರದಲ್ಲೇ ಇದ್ದು ನೋಡ್ಬೇಕು."